ಸಾಸ್ಕಟೂನಿನ ಮದುವೆಯ ಭಕ್ಷ್ಯ

ಕೆನಡಾ ದೇಶದಲ್ಲಿ ಪಶ್ಚಿಮದ ರಾಕಿ ಪರ್ವತಗಳಿಗೂ ಪೂರ್ವದ ಮಹಾಸರೋವರಗಳಿಗೂ ನಡುವೆ, ದಕ್ಷಿಣದ ಗಡಿಯನ್ನು ಹೊಂದಿಕೊಂಡು, ಒಂದು ವಿಸ್ತಾರವಾದ ಬಯಲು ಹಬ್ಬಿರುವುದು. ಅಲ್ಲಿಯವರು ಅದನ್ನು ಪ್ರೇರಿ ಎಂದು ಕರೆಯುವರು. ನವಲಗುಂದ, ನರಗುಂದಗಳ ಎರೆಯ ಹೊಲಗಳನ್ನು ಕಂಡ ವಾಚಕರು ಆ ಮರವಿಲ್ಲದ ನೆಲವನ್ನು ಮನಸ್ಸಿನಲ್ಲಿಯೇ ನೂರ್ಮಡಿಯಾಗಿ ಹಿಗ್ಗಿಸಿಕೊಂಡರೆ ಪ್ರೇರಿಯ ಚಿತ್ರವು ಬಹುಮಟ್ಟಿಗೆ ಕಣ್ಣಿಗೆ ಕಟ್ಟುವುದು. ವ್ಯತ್ಯಾಸವಿರುವುದು ಚಳಿಯಲ್ಲಿ. ಜನವರಿ ತಿಂಗಳ ಕೆಲವು ದಿನಗಳಲ್ಲಿ ಉಷ್ಣಮಾನವು ಸೊನ್ನೆಗಿಂತ ೪೦ ಅಂಶಗಳಷ್ಟು ಕೆಳಗಿಳಿಯುವುದುಂಟು. ಆ ಒಂದು ಮಟ್ಟದಲ್ಲಿ ಸೆಂಟಿಗ್ರೇಡ್, ಫಾರನ್‌ಹೀಟ್ ಮಾಪಕಗಳೆರಡೂ ಒಂದೇ ಅಂಕವನ್ನು ತೋರಿಸುವುದರಿಂದ, ಯಾವ ಮಾಪಕದ ಮಾತೆಂದು ಯಾರೂ ಯಾರನ್ನೂ ಕೇಳಬೇಕಾದುದಿಲ್ಲ.

ಈ ಬಯಲಿನ ಸಾಸ್ಕಾಚೆವಾನ್ ಪ್ರಾಂತದಲ್ಲಿ, ಅದೇ ಹೆಸರಿನ ನದಿಯ ದಕ್ಷಿಣ ಶಾಖೆಯ ಎರಡು ದಡಗಳಲ್ಲಿಯೂ ಸಾಸ್ಕಟೂನ್ ಎಂಬ ನಗರವಿದೆ. ಧಾರವಾಡದಿಂದ ಹೊರಟ ನಾವಿಬ್ಬರು ಅಲ್ಲಿ ನಮ್ಮ ಮಗಳ ಮನೆಯಲ್ಲಿ ಆಗಸ್ಟ್ ತಿಂಗಳ ಕೊನೆಯಿಂದ ಮೂರು ತಿಂಗಳ ಕಾಲ ಇದ್ದೆವು. ೧೮೮೨ರಲ್ಲಿ ಟೊರಾಂಟೋ ನಗರದ ಮದ್ಯಪಾನ ವಿರೋಧಿಗಳ ಒಂದು ಸಂಘವು ಹೆಂಡದ ಸೋಂಕಿಲ್ಲದ ಊರೊಂದನ್ನು ಕಟ್ಟಬೇಕೆಂದು ಜಾನ್ ಲೇಕ್ ಎಂಬವರನ್ನು ಈ ಕಡೆಗೆ ಕಳುಹಿಸಿದಾಗ, ನದಿಯ ತೀರದಲ್ಲಿ ತಕ್ಕ ಸ್ಥಳವನ್ನು ಸೂಚಿಸಿದವನು ಡಕೋಟಾ ಜನರ ನಾಯಕನಾದ ವೈಟ್‌ಕ್ಯಾಪ್. ೧೯೦೬ರಲ್ಲಿ ಅದು ನಗರವೆನಿಸಿತು. ಹೆಂಡವಿಲ್ಲದ ಊರಿನ ಸಂಕಲ್ಪವು ಎಲ್ಲಿಯವರೆಗೆ ನಿಂತಿತೆಂಬುದನ್ನು ಇಂದಿನ ಅಂಗಡಿಬೀದಿಯನ್ನು ನೋಡಿದವರೇ ಊಹಿಸಬಹುದು.

ಊರಿಗೆ ಹೆಸರು ಬಂದುದು ಮಾತ್ರ ಒಂದು ಹಣ್ಣಿನಿಂದ. ಕ್ರೀ ಎಂಬ ಮೂಲನಿವಾಸಿ ಜನರ ಭಾಷೆಯ ಶಬ್ದವೊಂದು ಬಿಳಿಯರ ನಾಲಗೆಯಲ್ಲಿ ಸವೆದು ಸಾಸ್ಕಟೂನ್ ಎಂದಾಯಿತು. ಹಣ್ಣು ನಮ್ಮ ನೇರಳೆಯ ಬಣ್ಣದ್ದು, ಆದರೆ ಬಟಾಣಿಯಷ್ಟೇ ದಪ್ಪ. ಕುಲದಿಂದ ಸೇಬಿನ ದಾಯಾದಿ. ನಡು ಬೇಸಿಗೆಯಲ್ಲಿ ಕೆಲವೇ ವಾರಗಳ ಕಾಲ ಪೊದೆಗಳಲ್ಲಿ ಹಣ್ಣಾಗುವುದು. ಅದನ್ನು ಒಣಗಿಸಿ, ಕುಟ್ಟಿದ ಕಾಡೆಮ್ಮೆಯ ಮಾಂಸದೊಡನೆಯೂ ಕೊಬ್ಬಿನೊಡನೆಯೂ ಬೆರೆಸಿ ಚಳಿಗಾಲಕ್ಕೆ ಬುತ್ತಿಯನ್ನು ಕಟ್ಟುವ ವಿದ್ಯೆಯು ಈ ನೆಲದ ಜನರಿಗೆ ಕರಗತವಾಗಿದ್ದಿತು. ಹಸಿಯ ಹಣ್ಣು ಸಿಕ್ಕದ ದೀರ್ಘಕಾಲವನ್ನು ಒಣಹಣ್ಣಿನಿಂದ ದಾಟುವುದೇ ಅಲ್ಲಿಯ ಅಡಿಗೆಯ ಮೊದಲನೆಯ ಪಾಠವೆಂದು ನಮಗೆ ತೋರಿತು. ನಾವು ಹೇಳಹೊರಟಿರುವ ಭಕ್ಷ್ಯವೂ ಇದೇ ಪಾಠವನ್ನು ಅನುಸರಿಸಿ ಹುಟ್ಟಿದುದು.

ನಮ್ಮದು ಮೊಟ್ಟೆಯನ್ನು ಸಹ ಮುಟ್ಟದ ಮನೆತನ. ಮನೆಯಲ್ಲಿ ಮಗಳು ರೊಟ್ಟಿ ಪಲ್ಯಗಳನ್ನು ಮಾಡುತ್ತಿದ್ದಳಾದುದರಿಂದ ತೊಂದರೆಯೇನೂ ಇರಲಿಲ್ಲ. ಆದರೆ ಹೊರಗೆ ಹೋದಲ್ಲೆಲ್ಲ ಪ್ರೀತಿಯಿಂದ ಮುಂದಿಡುವ ಕೇಕುಗಳಿಗೆ ಕೈಮುಗಿದು ಬೇಡವೆನ್ನುವುದು ಅತಿಥಿಗೂ ಕಷ್ಟ, ಆತಿಥೇಯರಿಗೂ ಕಷ್ಟ. ಪಕ್ಕದ ಮನೆಯಲ್ಲಿ ಎಂಬತ್ತನ್ನು ದಾಟಿದ ಒಬ್ಬ ವಿಧವೆಯು ವಾಸವಾಗಿದ್ದಳು. ಗಂಡನು ತೀರಿಕೊಂಡ ಬಳಿಕ ಹೊಲವನ್ನು ಮಾರಿ ಹಳ್ಳಿಯಿಂದ ನಗರಕ್ಕೆ ಬಂದವಳು. ನಾವು ಎರಡು ಸಲ ಅವಳ ತಟ್ಟೆಯನ್ನು ಹಿಂದಿರುಗಿಸಿದ ಮೇಲೆ, ಮೂರನೆಯ ಸಲ ಆಕೆಯು ಚೌಕಾಕಾರದ ತುಂಡುಗಳನ್ನು ತಂದು, ಇದರಲ್ಲಿ ಮೊಟ್ಟೆಯಿಲ್ಲ, ಹಾಲಿನ ಬೆಣ್ಣೆಯುಂಟು, ಓಟ್ಸ್ ಉಂಟು, ಖರ್ಜೂರವುಂಟು, ಇನ್ನೇನು ಬೇಕೆಂದು ಸ್ವಲ್ಪ ಗದರಿದಂತೆಯೇ ಹೇಳಿದಳು. ಮೇಲೂ ಕೆಳಗೂ ಹುರಿದ ಅವಲಕ್ಕಿಯಂತೆ ಕರಕರೆನ್ನುವ ಪದರ. ನಡುವೆ ಕಪ್ಪಗೆ, ಮೆತ್ತಗೆ ಖರ್ಜೂರದ ಹೂರಣ. ನಮ್ಮ ಮನೆಯವರು ಒಂದು ತುತ್ತನ್ನು ಬಾಯಿಗಿಟ್ಟು, ಇದು ಒಲೆಯಲ್ಲಿ ಬೆಂದ ಹೋಳಿಗೆಯಲ್ಲವೆ, ಎಂದರು. ಅದಕ್ಕಿಂತ ಒಳ್ಳೆಯ ವರ್ಣನೆಯು ನಮಗೆ ಈವರೆಗೂ ಹೊಳೆದಿಲ್ಲ.

ಕೆನಡಾದ ಇತರ ಕಡೆಗಳಲ್ಲಿ ಇದಕ್ಕೆ ಖರ್ಜೂರದ ಚೌಕಗಳೆಂದೇ ಹೆಸರು. ಪ್ರೇರಿಯಲ್ಲಿ ಮಾತ್ರ ಮ್ಯಾಟ್ರಿಮೋನಿಯಲ್ ಕೇಕ್, ಎಂದರೆ ವಿವಾಹದ ಕೇಕ್, ಎನ್ನುವರು. ದಾಂಪತ್ಯದಲ್ಲಿ ಒರಟೂ ನಯವೂ ಬೆರೆತಿರುವುದರಿಂದ ಈ ಹೆಸರೆಂದು ಕೆಲವರು. ಎರಡು ಪದರಗಳನ್ನು ಹಿಡಿದಿಡುವ ಸಿಹಿಯು ನಡುವೆ ಇರುವುದರಿಂದ ಎಂದು ಇನ್ನು ಕೆಲವರು. ಕಾರಣವೇನೆಂದು ವೃದ್ಧೆಯನ್ನು ನಾವು ಕೇಳಲು, ಮದುವೆಯ ಮನೆಯಲ್ಲಿ ನೂರು ಜನರಿಗೆ ಬಡಿಸಲು ಅಗ್ಗವಾದುದು ಇದೊಂದೇ ಎಂದು ಆಕೆಯು ಉತ್ತರ ಕೊಟ್ಟಳು. ನಮಗೆ ಸೋಜಿಗವಾದುದು ಬೇರೊಂದು. ನಮ್ಮ ಸೀಮೆಯಲ್ಲಿ ಮದುಮಗಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಬೇರುಗಳ ಜೊತೆಗೆ ಉತ್ತುತ್ತೆಯನ್ನು ಹಾಕದಿದ್ದರೆ ಉಡಿಯು ತುಂಬಿತೆನ್ನಿಸುವುದಿಲ್ಲ. ಉತ್ತುತ್ತೆಯೆಂದರೆ ಒಣಗಿದ ಖರ್ಜೂರವೇ ತಾನೆ! ಒಂದಕ್ಕೊಂದು ಸುಳಿವಿಲ್ಲದ ಎರಡು ನಾಡುಗಳ ಹೆಂಗಸರು, ಎರಡು ಕಡೆಗೂ ಹೊರಗಿನದಾದ ಈ ಒಂದೇ ಹಣ್ಣನ್ನು ಮದುವೆಗೆ ಸೇರಿಸಿಕೊಂಡಿದ್ದಾರೆ. ಇದನ್ನು ಕೇಳಿದ ವೃದ್ಧೆಯು ನಮ್ಮ ಮಗಳ ಉಡಿಯಲ್ಲಿ ಎಷ್ಟು ಉತ್ತುತ್ತೆ ಹಾಕಿದ್ದಿರೆಂದು ವಿಚಾರಿಸಿದಳು. ಐದು ಎಂದೆವು.

ಓಟ್ಸ್ ಎಂಬುದು ತಂಪು ಹವೆಯನ್ನೂ ಗಿಡ್ಡ ಬೇಸಿಗೆಯನ್ನೂ ಸಹಿಸಿಕೊಳ್ಳುವ ಬಡವರ ಧಾನ್ಯ. ೧೭೫೫ರಲ್ಲಿ ಇಂಗ್ಲಿಷ್ ನಿಘಂಟನ್ನು ಹೊರಡಿಸಿದ ಸ್ಯಾಮ್ಯುಎಲ್ ಜಾನ್ಸನ್ ಪಂಡಿತನು ಇಂಗ್ಲೆಂಡಿನ ಕುದುರೆಗಳ ಮೇವೇ ಸ್ಕಾಟ್ಲೆಂಡಿನ ಜನರ ಆಹಾರವೆಂಬರ್ಥದಲ್ಲಿ ಅದನ್ನು ಗೇಲಿ ಮಾಡಿದ್ದನು. ಪ್ರೇರಿಯಲ್ಲಿಯಾದರೋ ಕುದುರೆಯೂ ಯಜಮಾನನೂ ಅದನ್ನೇ ಹಂಚಿಕೊಂಡರು. ೧೮೭೨ರ ಕಾನೂನಿನ ಮೇರೆಗೆ ಹತ್ತು ಡಾಲರುಗಳ ಶುಲ್ಕಕ್ಕೆ ೧೬೦ ಎಕರೆಗಳನ್ನು ಪಡೆದು ನೆಲವನ್ನು ಒಡೆಯಲು ಬಂದವರಿಗೆ ಎಂಜಿನ್ನುಗಳು ಬರುವುದಕ್ಕೆ ಮೊದಲು ಕುದುರೆಯೇ ಬಲ, ಓಟ್ಸೇ ಅದಕ್ಕೆ ಇಂಧನ. ಈ ಕಾಳನ್ನು ಹಾಗೆಯೇ ಬೀಸಿಟ್ಟರೆ ಅದರಲ್ಲಿರುವ ಕೊಬ್ಬು ಬೇಗನೆ ಕಮಟಾಗುವುದು. ಆದುದರಿಂದ ಸಿಪ್ಪೆ ತೆಗೆದ ಕಾಳಿಗೆ ಹಬೆ ಕೊಟ್ಟು, ಉರುಳೆಗಳ ನಡುವೆ ಚಪ್ಪಟೆ ಮಾಡುವರು. ಬತ್ತವನ್ನು ನೆನೆಸಿ, ಹುರಿದು, ಕುಟ್ಟಿ ಅವಲಕ್ಕಿ ಮಾಡುವ ನಮ್ಮ ಹೆಂಗಸರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ.

ಖರ್ಜೂರದ ದಾರಿಯು ಬಲು ದೂರದ್ದು. ಪರ್ಶಿಯಾ ಕೊಲ್ಲಿಯ ತಲೆಯಲ್ಲಿರುವ ಬಸ್ರಾ ಬಂದರಿನ ತೋಟಗಳ ಹಣ್ಣು ಪೆಟ್ಟಿಗೆಗಳಲ್ಲಿ ಒತ್ತಲ್ಪಟ್ಟು, ಹಡಗಿನಿಂದ ಅಮೆರಿಕೆಗೆ ಇಳಿದು, ಹಳ್ಳಿಯ ಅಂಗಡಿಗಳನ್ನು ಸೇರುತ್ತಿದ್ದಿತು. ಸೇಬು, ಕಿತ್ತಿಳೆಗಳು ಚಳಿಯಲ್ಲಿ ಹೆಪ್ಪುಗಟ್ಟಿ ಕೆಡುವಲ್ಲಿ ಇದು ಕೆಡದು. ಚಳಿಗಾಲದ ಗಿಡ್ಡ ಹಗಲುಗಳಲ್ಲಿ ಕೋಳಿಗಳು ಮೊಟ್ಟೆಯಿಡುವುದನ್ನು ನಿಲ್ಲಿಸುವುದರಿಂದ, ಮೊಟ್ಟೆ ಬೇಡದ ಭಕ್ಷ್ಯವೊಂದು ಗೃಹಿಣಿಗೆ ಎಷ್ಟು ಅನುಕೂಲವಾಗಿದ್ದಿರಬೇಕು! ೧೯೩೦ರ ದಶಕದಲ್ಲಿ ವರ್ಷಾನುಗಟ್ಟಲೆ ಮಳೆಯಿಲ್ಲದೆ ಮಣ್ಣೇ ಗಾಳಿಗೆ ಹಾರಿಹೋದಾಗ ಪೂರ್ವದ ಪ್ರಾಂತಗಳವರು ರೈಲುಗಾಡಿಗಳಲ್ಲಿ ಸೇಬುಗಳನ್ನೂ ಒಣಮೀನನ್ನೂ ಕಳುಹಿಸಿದರು. ಹಲಗೆಯಂತಿದ್ದ ಆ ಮೀನನ್ನು ಬೇಯಿಸುವ ಬಗೆಯು ತಿಳಿಯದೆ ಜನರು ಅದನ್ನು ಮನೆಯ ಮಾಡಿಗೆ ಹೊದಿಸಿದರೆಂಬ ಹಾಸ್ಯವು ಅಲ್ಲಿ ಬಳಕೆಯಲ್ಲಿದೆ. ಪೆಟ್ರೋಲಿಗೆ ಹಣವಿಲ್ಲದವರು ಮೋಟಾರು ಗಾಡಿಯ ಎಂಜಿನ್ನನ್ನು ಕಳಚಿ ಕುದುರೆಯನ್ನು ಹೂಡಿ, ಆಗಿನ ಪ್ರಧಾನಮಂತ್ರಿಯಾದ ಬೆನೆಟ್ಟನ ಹೆಸರನ್ನು ಅದಕ್ಕಿಟ್ಟರು.

ಅಕ್ಟೋಬರ್ ತಿಂಗಳಲ್ಲಿ ವೃದ್ಧೆಯು ಒಂದು ಸಂಜೆ ನಮ್ಮಲ್ಲಿಗೆ ಬಂದಳು. ತನ್ನ ಹಳೆಯ ಹಳ್ಳಿಯಲ್ಲಿ ಸುಗ್ಗಿ ಮುಗಿದ ಮೇಲೆ ಪ್ರತಿವರ್ಷವೂ ಸಾರ್ವಜನಿಕ ಊಟವೊಂದು ನಡೆಯುವುದೆಂದೂ, ಅದಕ್ಕೆ ಎರಡು ತಟ್ಟೆ ಮದುವೆಯ ಕೇಕನ್ನು ಮಾಡಿಕೊಡುವುದು ಐವತ್ತು ವರ್ಷಗಳಿಂದ ತನ್ನ ಪಾಲಿನ ಕೆಲಸವೆಂದೂ ತಿಳಿಸಿ, ಕೈಗಳನ್ನು ಮುಂದೆ ಚಾಚಿದಳು. ಸಂಧಿವಾತದಿಂದ ಬೆರಳ ಗಿಣ್ಣುಗಳೆಲ್ಲ ಊದಿಕೊಂಡಿದ್ದುವು. ಚಮಚವನ್ನು ಹಿಡಿಯಬಹುದು, ಬೆಣ್ಣೆಯನ್ನು ಹಿಟ್ಟಿನಲ್ಲಿ ಉಜ್ಜಲಾಗದು. ನಮ್ಮ ಮಗಳು ಆ ಊರಿಗೆ ಬಂದು ಒಂದೇ ವರ್ಷವಾಗಿದ್ದಿತು. ಅಲ್ಲಿ ಕೆಲವು ಕನ್ನಡ ಮನೆಗಳಿದ್ದರೂ ಅವಳಿಗೆ ಆಪ್ತರೆನ್ನತಕ್ಕವರು ಇನ್ನೂ ಒದಗಿರಲಿಲ್ಲ. ಹೇಳಿಕೊಡಿರಿ, ನನ್ನ ಕೈಯಿಂದ ಮಾಡುವೆನು, ಎಂದಳು.

ಮಾಡುವ ಕ್ರಮವು ಹೀಗೆ. ಕಾಲು ಲೀಟರು ಹಿಡಿಯುವ ಬಟ್ಟಲಿನಿಂದ ಎರಡು ಬಟ್ಟಲು ಬೀಜ ತೆಗೆದ ಖರ್ಜೂರವನ್ನು ಹೆಚ್ಚಿ, ಒಂದು ಬಟ್ಟಲು ನೀರಿನಲ್ಲಿ ಸಣ್ಣ ಉರಿಯ ಮೇಲೆ ಬೇಯಿಸಬೇಕು. ಹತ್ತು ನಿಮಿಷಗಳೊಳಗಾಗಿ ಹಣ್ಣು ಕರಗಿ ಹೂರಣದಂತಾಗುವುದು. ಕೆಳಗಿಳಿಸಿ ಒಂದು ದೊಡ್ಡ ಚಮಚ ನಿಂಬೆಯ ರಸವನ್ನು ಹಿಂಡಿ ಆರಲು ಬಿಡತಕ್ಕದ್ದು. ಈ ಹುಳಿಯಿಲ್ಲದಿದ್ದರೆ ಸಿಹಿಯು ಗಂಟಲಿಗೆ ಕಟ್ಟುವುದು. ಒಂದೂವರೆ ಬಟ್ಟಲು ಓಟ್ಸ್, ಅಷ್ಟೇ ಮೈದಾ, ಒಂದು ಬಟ್ಟಲು ಕಂದು ಸಕ್ಕರೆ, ಅರ್ಧ ಸಣ್ಣ ಚಮಚ ಅಡಿಗೆ ಸೋಡಾ, ಚಿಟಿಕೆ ಉಪ್ಪು, ಇವುಗಳಲ್ಲಿ ಮುಕ್ಕಾಲು ಬಟ್ಟಲು ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಗಳಿಂದ ಉಜ್ಜಬೇಕು. ಕರಗಿದ ಬೆಣ್ಣೆಯನ್ನು ಸುರಿದರೆ ಪದರವು ಇಟ್ಟಿಗೆಯಾಗುವುದೆಂದು ವೃದ್ಧೆಯ ಎಚ್ಚರಿಕೆ. ಒಂಬತ್ತು ಅಂಗುಲದ ಚೌಕತಟ್ಟೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಿಟ್ಟನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ, ಮೇಲೆ ಹೂರಣವನ್ನು ಹರಡಿ, ಉಳಿದುದನ್ನು ಒತ್ತದೆ ಹಗುರವಾಗಿ ಉದುರಿಸಿ, ೧೭೫ ಅಂಶಗಳ ಒಲೆಯಲ್ಲಿ ಅರ್ಧ ಗಂಟೆಗೂ ತುಸು ಹೆಚ್ಚು ಕಾಲ, ಹೊಂಬಣ್ಣ ಬರುವವರೆಗೆ ಬೇಯಿಸತಕ್ಕದ್ದು. ಬಿಸಿಯಿರುವಾಗ ಕತ್ತರಿಸಿದರೆ ಪುಡಿಯಾಗುವುದು. ಬೆಣ್ಣೆಯು ಮತ್ತೆ ಗಟ್ಟಿಯಾಗುವವರೆಗೆ ಕಾಯಬೇಕು. ಮರುದಿನ ರುಚಿಯು ಇನ್ನೂ ಹೆಚ್ಚು. ಖರ್ಜೂರದ ಬದಲು ಅಂಜೂರ, ಒಣದ್ರಾಕ್ಷಿಗಳನ್ನೂ ಹಾಕಬಹುದೆಂಬುದನ್ನು ನಾವು ಊರಿಗೆ ಬಂದ ಮೇಲೆ ಮಾಡಿ ನೋಡಿದ್ದೇವೆ. ಒಲೆಯಿಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮಾಡಬಹುದಾದರೂ ಮೇಲಿನ ಪದರಕ್ಕೆ ಆ ಗರಿತನವು ಬಾರದು.

ಮಗಳು ಎರಡನೆಯ ತಟ್ಟೆಯ ಹೂರಣಕ್ಕೆ ಏಲಕ್ಕಿಯ ಪುಡಿಯನ್ನು ಹಾಕಹೋದಳು. ವೃದ್ಧೆಯು ಮೂಸಿ ನೋಡಿ, ಒಳ್ಳೆಯದೇ, ಆದರೆ ಅದಕ್ಕೆ ಬೇರೆ ಹೆಸರಿಡು, ಎಂದಳು. ಏಲಕ್ಕಿಯು ಡಬ್ಬಿಯೊಳಗೆ ಹಿಂದಿರುಗಿತು.

ಊಟದ ದಿನ ನಾವೆಲ್ಲರೂ ಮೋಟಾರಿನಲ್ಲಿ ಒಂದೂವರೆ ಗಂಟೆಯ ಪ್ರಯಾಣ ಮಾಡಿದೆವು. ರಸ್ತೆಯ ಇಕ್ಕೆಲದಲ್ಲಿ ಕೊಯ್ದ ಹೊಲಗಳು. ಇವುಗಳಲ್ಲಿ ಎಷ್ಟೋ ಹೊಲಗಳು ಮಸೂರ ಬೇಳೆಯವು. ೧೯೭೦ರ ದಶಕದಿಂದ ಸಾಸ್ಕಟೂನಿನ ವಿಶ್ವವಿದ್ಯಾಲಯದ ತಜ್ಞರು ಅದಕ್ಕೆ ತಕ್ಕ ತಳಿಗಳನ್ನು ಬೆಳೆಯಿಸಿದರು. ಆ ಬೇಳೆಯು ಹಡಗನ್ನೇರಿ ಭಾರತಕ್ಕೂ ಬರುವುದೆಂದು ಅಳಿಯನು ಹೇಳಲು, ನಾವು ಆ ಮೊಂಡು ಕೂಳೆಗಳನ್ನು ನೆಂಟರನ್ನು ನೋಡುವಂತೆ ನೋಡಿದೆವು. ಹಿಂದೆ ಪ್ರತಿಯೊಂದು ಊರಿಗೂ ರೈಲುಹಳಿಯ ಬದಿಯಲ್ಲಿ ಮರದ ಎತ್ತರವಾದ ಧಾನ್ಯದ ಕಣಜವಿದ್ದು, ದೇವಾಲಯದ ಗೋಪುರದಂತೆ ಹರದಾರಿಗಳ ದೂರದಿಂದ ಕಾಣುತ್ತಿದ್ದಿತು. ಸಾವಿರಾರು ಸಂಖ್ಯೆಯಲ್ಲಿದ್ದ ಇವುಗಳಲ್ಲಿ ಬಹುಪಾಲನ್ನು, ರೈಲಿನ ಕವಲುದಾರಿಗಳು ನಿಂತುಹೋದ ಮೇಲೆ, ಕೆಡವಿಬಿಟ್ಟಿದ್ದಾರೆ. ನಾವು ಹೋದ ಹಳ್ಳಿಯಲ್ಲಿಯೂ ಕಣಜದ ಅಡಿಪಾಯ ಮಾತ್ರ ಉಳಿದಿದ್ದಿತು. ಶಾಲೆಯು ಮುಚ್ಚಿತ್ತು. ದೀಪ ಉರಿಯುತ್ತಿದ್ದ ಮನೆಗಳನ್ನು ಎಣಿಸಿದೆವು, ಹದಿನಾಲ್ಕು.

ಆದರೆ ಸಭಾಮಂದಿರದ ಮುಂದೆ ಗಾಡಿಗಳು ಸಾಲುಗಟ್ಟಿದ್ದುವು. ಊರು ಬಿಟ್ಟವರೆಲ್ಲ ಈ ಒಂದು ದಿನ ಮರಳಿ ಬರುವರಂತೆ. ಉದ್ದನೆಯ ಮೇಜುಗಳ ಮೇಲೆ ಮಾಂಸದ ಅಡಿಗೆಗಳೇ ಹೆಚ್ಚಾಗಿದ್ದುದರಿಂದ ನಮಗೆ ಬೇಯಿಸಿದ ಆಲೂಗಡ್ಡೆ, ಗಜ್ಜರಿ, ಬ್ರೆಡ್ಡುಗಳೇ ಗತಿ. ಅದಕ್ಕಾಗಿ ಯಾರೂ ನಮ್ಮನ್ನು ಪ್ರಶ್ನಿಸಲಿಲ್ಲ. ಸಿಹಿಯ ಮೇಜಿನಲ್ಲಿ ಮಗಳ ತಟ್ಟೆಗಳಿದ್ದುವು. ಒಬ್ಬ ಮುದುಕ ರೈತನು ಒಂದು ತುಂಡನ್ನು ತಿಂದು, ಹೂರಣವು ಈ ವರ್ಷ ಸ್ವಲ್ಪ ತೆಳುವಾಗಿದೆಯೆಂದು ವೃದ್ಧೆಗೆ ತಿಳಿಸಿದನು. ತಿಳಿಸಿ ಮತ್ತೆರಡು ತುಂಡುಗಳನ್ನು ಬಡಿಸಿಕೊಂಡನು. ವೃದ್ಧೆಯು ಯಾರ ಕೈಯೆಂಬುದನ್ನು ಅವನಿಗೆ ಹೇಳಲಿಲ್ಲ; ನಮ್ಮ ಮಗಳ ಕಡೆಗೆ ನೋಡಿ ಹುಬ್ಬನ್ನು ಮಾತ್ರ ಏರಿಸಿದಳು.

ಊಟವಾದ ಮೇಲೆ ಅಡಿಗೆಮನೆಯಲ್ಲಿ ಹೆಂಗಸರು ಸಭೆ ಸೇರಿದರು. ಸುಮಾರು ಹನ್ನೆರಡು ಮಂದಿ. ಹೆಚ್ಚಿನವರು ಎಪ್ಪತ್ತನ್ನು ದಾಟಿದವರು. ಮಾಡಿನ ದುರಸ್ತಿಗೆ ಹಣ ಸಾಲದು, ಚಳಿಗಾಲದಲ್ಲಿ ಮಂದಿರವನ್ನು ಬೆಚ್ಚಗಿಡುವ ಖರ್ಚು ಏರುತ್ತಿದೆ, ಪಾತ್ರೆ ತೊಳೆಯಲು ಕೈಗಳಿಲ್ಲ. ಮುಂದಿನ ವರ್ಷದಿಂದ ಊಟವನ್ನು ನಿಲ್ಲಿಸುವುದೇ ಲೇಸೆಂದು ಒಬ್ಬಳು ನೇರವಾಗಿಯೇ ನುಡಿದಳು. ಅದಕ್ಕೆ ಬಹಳ ಹೊತ್ತು ಯಾರೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ತಟ್ಟೆಗಳನ್ನು ಒರೆಸುವ ಸಪ್ಪಳವಷ್ಟೇ ಕೇಳಿಸುತ್ತಿದ್ದಿತು. ತೀರ್ಮಾನವು ಅಂದು ಆಗಲಿಲ್ಲ. ವಸಂತಕಾಲದಲ್ಲಿ ನೋಡೋಣವೆಂದು ಬಿಟ್ಟರು. ಆದರೂ ವಾಡಿಕೆಯಂತೆ ಒಬ್ಬಳು ಕಾಗದವನ್ನು ತೆಗೆದು ಮುಂದಿನ ವರ್ಷದ ಪಟ್ಟಿಯನ್ನು ಬರೆಯತೊಡಗಿದಳು. ವೃದ್ಧೆಯ ಸರದಿಯು ಬಂದಾಗ ಆಕೆಯು ತನ್ನ ಹೆಸರನ್ನು ಹೊಡೆಯಿಸಿ ನಮ್ಮ ಮಗಳ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿ ಬರೆಯಿಸಿದಳು. ತಟ್ಟೆಗಳೆಷ್ಟೆಂದು ಕೇಳಿದರು. ಮಗಳು ಮೂರು ಎಂದಳು.