ಮೈದನಹಳ್ಳಿಯ ಹುಲ್ಲುಬಯಲಿನಲ್ಲಿ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹಿಂದೆ ಬಿಟ್ಟು ಈಶಾನ್ಯದ ಕಡೆಗೆ, ಆಂಧ್ರದ ಗಡಿಯ ದಿಕ್ಕಿನಲ್ಲಿ ಸಾಗುವವರಿಗೆ, ಹೊಲತೋಟಗಳ ನಡುವೆ ಮೈದನಹಳ್ಳಿಯ ಹುಲ್ಲುಬಯಲು ಒಮ್ಮೆಲೇ ತೆರೆದುಕೊಳ್ಳುವುದು. ಕಾರ್ತಿಕದ ಒಂದು ಬೆಳಗಿನಲ್ಲಿ ಗೌಡಗೆರೆಯ ಕಡೆಯ ಹಿರಿಯರೊಬ್ಬರು ತಮ್ಮ ಮೊಮ್ಮಗಳೊಡನೆ ಅಲ್ಲಿಗೆ ಬಂದಿಳಿದರು. ಹುಡುಗಿ ಬೆಂಗಳೂರಿನ ಕಾಲೇಜಿನಲ್ಲಿ ಓದುವವಳು. ಕೃಷ್ಣಮೃಗಗಳನ್ನು ಕಣ್ಣಾರೆ ಕಾಣಬೇಕೆಂಬುದು ಅವಳ ಹಂಬಲ. ತಾತನಿಗೆ ಮೃಗಗಳ ಮೇಲೆ ಅಂತಹ ಆಸೆಯೇನೂ ಇರಲಿಲ್ಲ. ಏರಿಳಿತವಿಲ್ಲದ ದಾರಿ, ಎಪ್ಪತ್ತು ದಾಟಿದ ಮೊಣಕಾಲುಗಳಿಗೂ ಒಪ್ಪುವ ನಡಿಗೆ ಎಂದು ಮೊಮ್ಮಗಳು ಭರವಸೆಯಿತ್ತುದರಿಂದ ಹೊರಟಿದ್ದರು.

ದಾರಿಯೇನೋ ಅವಳು ಹೇಳಿದಂತೆಯೇ ಇತ್ತು. ಸೊಂಟದೆತ್ತರದ ಹುಲ್ಲು, ನಡುನಡುವೆ ತಂಗಡಿಯ ಹಳದಿ ಹೂ, ದೂರದಲ್ಲಿ ಯಾವ ಕಾಲದಲ್ಲೋ ನೆಟ್ಟ ನೀಲಗಿರಿಯ ತೋಪು. 2007ರಲ್ಲಿ ಸರಕಾರವು ಈ 798 ಎಕರೆಗಳನ್ನು ಜಯಮಂಗಲಿ ನದಿಯ ಹೆಸರಿನಿಂದ ಕೃಷ್ಣಮೃಗಗಳ ಸಂರಕ್ಷಣಾ ಮೀಸಲೆಂದು ಸಾರಿತು. ಮರ ನೆಡುವುದೇ ಪುಣ್ಯವೆಂದು ನಂಬಿದ ನಮ್ಮ ಜನಕ್ಕೆ, ಮರವಿಲ್ಲದಿರುವುದೇ ಒಂದು ಪ್ರಾಣಿಯ ಬಾಳಿಗೆ ಆಧಾರವೆಂದರೆ ನಗು ಬರಬಹುದು. ಆದರೆ ಕೃಷ್ಣಮೃಗಕ್ಕೆ ಕಣ್ಣೂ ಕಾಲೂ ತಾನೆ ಕೋಟೆ? ಶತ್ರುವನ್ನು ದೂರದಿಂದಲೇ ಕಂಡು ಓಡಲು ಅದಕ್ಕೆ ಬಯಲೇ ಬೇಕು.

ಅರ್ಧ ಗಳಿಗೆ ನಡೆದಿರಬಹುದು. ಹುಡುಗಿ ತಾತನ ತೋಳು ಹಿಡಿದು ನಿಲ್ಲಿಸಿದಳು. ಸುರುಳಿಗೊಂಬಿನ ಕಪ್ಪು ಗಂಡೊಂದು ತಲೆಯೆತ್ತಿ ನಿಂತಿತ್ತು. ಹಿಂದೆ ಕಂದುಬಣ್ಣದ ಹೆಣ್ಣುಗಳ ಹಿಂಡು. ಒಂದು ನೆಗೆಯಿತು, ಒಡನೆಯೇ ಇಡೀ ಹಿಂಡು ನೆಲಕ್ಕೆ ಕಾಲು ಸೋಕಿಯೂ ಸೋಕದಂತೆ ಪುಟಿಯುತ್ತ ಸಾಗಿತು. ಅವಳು ಹಿಗ್ಗಿ ತಿರುಗಿ ನೋಡಿದರೆ, ತಾತನ ದೃಷ್ಟಿ ಅತ್ತ ಇರಲೇ ಇಲ್ಲ. ಅವರು ಹುಲ್ಲಿನ ತೆನೆಯೊಂದನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದರು.

"ನಮ್ಮ ಗೋಮಾಳದಲ್ಲಿ ಇದೇ ಹುಲ್ಲು ಇತ್ತು, ಮಗು," ಎಂದರು.

"ನಮ್ಮೂರಲ್ಲಿ ಗೋಮಾಳ ಎಲ್ಲಿದೆ ತಾತ?"

ಹಿರಿಯರು ಅದಕ್ಕೆ ನೇರವಾಗಿ ಉತ್ತರ ಕೊಡಲಿಲ್ಲ. ಹಳೆಯ ಮೇಷ್ಟರಾದ್ದರಿಂದ ಚರಿತ್ರೆಯಿಂದ ಆರಂಭಿಸಿದರು. ಮೈಸೂರಿನ ಅರಸು ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿಯೆಂಬ ಇಲಾಖೆಯಲ್ಲಿ ಹಸುಗಳನ್ನು ಸಾಕಿಸಿದರು. ಟಿಪ್ಪುವು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಹೈದರನ ಫಿರಂಗಿಗಳನ್ನು ಎಳೆದದ್ದು ಈ ತಳಿಯ ಎತ್ತುಗಳು. ಅವುಗಳಿಗಾಗಿ ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು: ಬೇಸಗೆಗೆ ಕೆರೆಯಂಗಳವೂ ನೆರಳೂ ಉಳ್ಳವು ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ಒಂದರಲ್ಲಿ ಮಂದೆ ಮೇಯುವಾಗ ಉಳಿದವು ಚಿಗುರುವುವು. ಬರಿದಾಗಿ ಕಾಣುವ ಬಯಲು ಸೋಮಾರಿಯಾಗಿ ಬಿದ್ದಿಲ್ಲ, ಮುಂದಿನ ಋತುವಿಗೆ ಮೇವು ಕೂಡಿಡುತ್ತಿದೆ ಎಂಬ ಲೆಕ್ಕ ಅಂದಿನವರಿಗೆ ಗೊತ್ತಿತ್ತು. 1860ರಲ್ಲಿ ಆಂಗ್ಲರ ಸರಕಾರವು ಮಿತವ್ಯಯದ ನೆಪದಿಂದ ಮಂದೆಗಳನ್ನು ಮಾರಿಬಿಟ್ಟಿತು. ಸೈನ್ಯಕ್ಕೆ ಎತ್ತು ಸಿಗದೆ, ಹತ್ತು ವರ್ಷ ತುಂಬುವ ಮೊದಲೇ ಮತ್ತೆ ಕಟ್ಟಲು ಹೊರಟಿತು.

"ಮಾರುವುದು ಒಂದು ದಿನದ ಕೆಲಸ," ಎಂದು ಅಲ್ಲಿಗೆ ನಿಲ್ಲಿಸಿದರು. ಸ್ವಲ್ಪ ದೂರ ಇಬ್ಬರೂ ಮಾತಿಲ್ಲದೆ ನಡೆದರು.

ಆಮೇಲೆ ಹೊರಬಂದ ಕಥೆ ಅರಸರದಲ್ಲ. ಊರ ಗೋಮಾಳ ಬಂಜರು ಭೂಮಿ, ಹಂಚಿಕೊಟ್ಟರೆ ಬಡವರು ಬದುಕುವರು ಎಂಬ ಅರ್ಜಿಯನ್ನು ಹಿಂದೊಮ್ಮೆ ಬರೆದವರು ಅವರೇ. ಅಕ್ಷರ ಚೆನ್ನಾಗಿದ್ದುದು ಅವರೊಬ್ಬರದೇ. ಬಡವರಿಗೂ ಸಿಕ್ಕಿತು, ಬಡವರಲ್ಲದವರಿಗೂ ಸಿಕ್ಕಿತು; ತಮ್ಮ ಮನೆಗೂ ಮೂರೆಕರೆಯ ಸಾಗುವಳಿ ಚೀಟಿ ಬಂದಿತು. ಮೊದಲ ಮೂರು ವರ್ಷ ಕಡಲೆಕಾಯಿ ಚೆನ್ನಾಗಿಯೇ ಆಯಿತು. ಮಳೆ ನೆಚ್ಚದ ಸೀಮೆ. ಅನಂತರ ಹಾಕಿದ ಬೀಜವೂ ಮರಳಲಿಲ್ಲ, ಕಿತ್ತ ಹುಲ್ಲೂ ಮರಳಲಿಲ್ಲ. ಮೇವಿಲ್ಲದೆ ಮನೆಯ ಜೋಡಿ ಎತ್ತು ಸಂತೆಗೆ ಹೋದವು. ಆ ಗೋಮಾಳದಲ್ಲಿ ಕುರಿ ತರುಬಿ, ಸಂಜೆ ಗಣೆಯೂದಿ ಜುಂಜಪ್ಪನ ಕಥೆ ಹಾಡುತ್ತಿದ್ದ ಕಾಡುಗೊಲ್ಲರ ಮುದುಕನು ಅರ್ಜಿಗೆ ಹೆಬ್ಬೆಟ್ಟು ಒತ್ತಲಿಲ್ಲವಂತೆ. "ಅವನನ್ನು ಮೂಢನೆಂದೆ. ಎಲ್ಲರ ಎದುರಿಗೇ ಅಂದೆ."

"ಈಗ ಆ ಮೂರೆಕರೆ?"

"ಬೀಳು ಬಿದ್ದಿದೆ. ನಿಮ್ಮಪ್ಪ ಕೊಳವೆಬಾವಿ ಕೊರೆಸಿ ಅಡಕೆ ಹಾಕುತ್ತೇನೆಂದು ಕುಳಿತಿದ್ದಾನೆ."

"ಬೇಡವೆಂದು ಹೇಳು ತಾತ. ಹುಲ್ಲಿಗೆ ಬಿಡೋಣ."

"ಮೂರೆಕರೆ ಹುಲ್ಲು ಎಷ್ಟು ದನಕ್ಕಾದೀತು? ನಿನ್ನ ಕಾಲೇಜಿನ ಫೀಜು ಕಟ್ಟುವವನು ಅವನು, ಹುಲ್ಲು ಕಟ್ಟುವುದಿಲ್ಲ."

ಹುಡುಗಿಗೆ ಉತ್ತರ ತೋಚಲಿಲ್ಲ. ತೋಚಬೇಕೆಂದು ಮುದುಕರು ಕಾದಂತೆಯೂ ಕಾಣಲಿಲ್ಲ. ಬಿಸಿಲೇರಿತ್ತು, ಮೃಗಗಳು ಅಂಚಿನ ನೆರಳಿಗೆ ಸೇರಿದ್ದವು. ಗಡಿಯ ಬಳಿ ಬಂದಾಗ ತಾತನ ಪಂಚೆಯ ಅಂಚಿಗೆ ಹುಲ್ಲಿನ ಬೀಜಗಳು ನೂರಾರು ಚುಚ್ಚಿಕೊಂಡಿದ್ದವು. ಮೊಮ್ಮಗಳು ಬಾಗಿ ಕೀಳಲು ಹೋದಳು.

"ಇರಲಿ ಬಿಡು," ಎಂದರು, "ಊರಿಗೆ ಹೋದ ಮೇಲೆ ಕಿತ್ತರಾಯಿತು."