ಒಂದೇ ಮನೆಯ ಎರಡು ಓಣಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನು. ಆದುದರಿಂದ ಊರಲ್ಲಿ ಯಾರ ಮೊಬೈಲು ಕೆಟ್ಟರೂ, ಯಾರಿಗೆ ಬ್ಯಾಂಕಿನ ಕಾಗದ ಬಂದರೂ "ಬಿ.ಎ. ಹುಡುಗನ್ನ ಕರೀರಿ" ಎನ್ನುವರು. ಕನ್ನಡ, ಇತಿಹಾಸ ಓದುವವನಿಗೆ ಇದೆಲ್ಲ ಹೇಗೆ ತಿಳಿದೀತೆಂದು ಯಾರೂ ಕೇಳುವುದಿಲ್ಲ, ನಾನೂ ಹೇಳಹೋಗುವುದಿಲ್ಲ. ಈ ಹುಸಿ ದೊಡ್ಡಸ್ತಿಕೆಗೆ ಕಳೆದ ಬೇಸಿಗೆಯ ರಜೆಯಲ್ಲಿ ತಕ್ಕ ಶಾಸ್ತಿಯಾಯಿತು.

ನಮ್ಮದು ಇಂಡಿ ತಾಲೂಕಿನ ಒಂದು ಹಳ್ಳಿ. ಒಂದು ಉತಾರದ ಪ್ರತಿ ಬೇಕಾದರೂ ಇಂಡಿಯ ಬಸ್ಸು ಕಾಯಬೇಕು. ಅಪ್ಪ ನಿಂಬೆಹಣ್ಣು ಮಾರಿ ಬಂದ ಹಣದಲ್ಲಿ ಒಂದು ವೈಫೈ ಪ್ರಿಂಟರನ್ನು ಕೊಂಡು ತಂದನು. ಪಡಸಾಲೆಯಲ್ಲಿ ಕುಳಿತು ಅಕ್ಕ ನಾಲ್ಕು ಕಾಸು ಗಳಿಸಲೆಂಬುದು ಅವನ ಆಸೆ. ನನ್ನನ್ನು ಓದಿಸುವ ಸಲುವಾಗಿ ಅಕ್ಕನ ಓದು ಹತ್ತನೆಯ ಇಯತ್ತೆಗೇ ನಿಂತಿತೆಂಬುದನ್ನು ಇಲ್ಲಿ ಹೇಳಲೇಬೇಕು.

ಪ್ರಿಂಟರು ವೈಫೈಗೆ ಸೇರಿತು, ದೀಪವೂ ಹತ್ತಿತು. ಆದರೆ ಮೊಬೈಲು ಮಾತ್ರ ಎಷ್ಟು ಹುಡುಕಿದರೂ ಪ್ರಿಂಟರು ಸಿಗಲಿಲ್ಲವೆಂದೇ ಹೇಳುತ್ತಿತ್ತು. ಎರಡರ ನಡುವೆ ಇದ್ದುದು ಮೂರು ಮೊಳದ ಅಂತರ! ಎಲ್ಲವನ್ನೂ ಆರಿಸಿ ಹಚ್ಚಿದೆ. ಎರಡು ದಿನ ಕಳೆದವು. ಪ್ರವೇಶದ ಅರ್ಜಿ ಹಿಡಿದು ಬಂದ ಹುಡುಗರು ತಿರುಗಿ ಬಸ್ಸು ಹತ್ತಿದರು. ಅಪ್ಪ ಏನೂ ಅನ್ನಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಆಮೇಲೆ ಕುಳಿತು ಓದಿದೆ. ಇಂಥ ಸಾಧನಗಳು ಒಂದನ್ನೊಂದು ಗುರುತಿಸುವ ಬಗೆ ನಮ್ಮೂರ ಡಂಗುರದಂತೆಯೇ ಇದೆ. ಮೊಬೈಲು 224.0.0.251 ಎಂಬ ವಿಳಾಸಕ್ಕೆ, ಇಲ್ಲಿ ಪ್ರಿಂಟರು ಯಾರಾದರೂ ಇದ್ದೀರಾ ಎಂದು ಕೂಗುವುದು. ಆ ವಿಳಾಸ ಯಾರೊಬ್ಬರದೂ ಅಲ್ಲ, ಅದಕ್ಕೆ ಕಿವಿಗೊಟ್ಟವರೆಲ್ಲರದು. ಕೂಗು ಕೇಳಿದ ಪ್ರಿಂಟರು ತನ್ನ ಹೆಸರು, ವಿಳಾಸ ತಿಳಿಸುವುದು. ಆ್ಯಪಲ್ ಕಂಪನಿಯು ಈ ಪದ್ಧತಿಯನ್ನು 2002ರಲ್ಲಿ ಬಳಕೆಗೆ ತಂದಿತು. ಸ್ಟುವರ್ಟ್ ಚೆಷೈರ್, ಮಾರ್ಕ್ ಕ್ರೋಕ್ಮಲ್ ಎಂಬವರು ಬರೆದ ಇದರ ನಿಯಮಾವಳಿ 2013ರಲ್ಲಿ ಪ್ರಕಟವಾಯಿತು. ಮಲ್ಟಿಕಾಸ್ಟ್ ಡಿ.ಎನ್.ಎಸ್. ಎಂದು ಇದರ ಹೆಸರು. ಆದರೆ ಈ ಡಂಗುರ ತನ್ನ ಓಣಿಯಲ್ಲಷ್ಟೇ ಕೇಳುವುದು. ರೌಟರು ದಾಟಿ ಬೇರೊಂದು ಜಾಲಕ್ಕೆ ಹೋಗದು.

ಡಂಗುರ ಬಿಟ್ಟು ನೇರವಾಗಿ ಬಾಗಿಲನ್ನೇ ಬಡಿಯೋಣವೆಂದು ಪ್ರಿಂಟರಿನಿಂದ ಅದರ ಜಾಲದ ವಿವರವುಳ್ಳ ಹಾಳೆ ತೆಗೆದೆ. ವಿಳಾಸ 192.168.2.14 ಎಂದಿತ್ತು. ಅದನ್ನು ಮೊಬೈಲಿನ ಬ್ರೌಸರಿನಲ್ಲಿ ಬರೆದೆ, ಬಾಗಿಲು ತೆರೆಯಲಿಲ್ಲ. ಜೋಳ ಹಸನು ಮಾಡುತ್ತಿದ್ದ ಅಕ್ಕ ಎದ್ದು ಬಂದಳು. ಮೊಬೈಲಿನ ವಿಳಾಸವನ್ನೂ ತೆಗೆಯಿಸಿ, ಎರಡನ್ನೂ ಪಕ್ಕಕ್ಕಿಟ್ಟು ನೋಡಿ, "ತಮ್ಮಾ, ಮೂರನೇ ಅಂಕಿ ಇದರಾಗ ಒಂದು ಅದ, ಅದರಾಗ ಎರಡು ಅದ. ಇವು ಬ್ಯಾರೆ ಬ್ಯಾರೆ ಓಣಿ ಅಲ್ಲೇನು?" ಎಂದಳು.

ನಿಜವೇ ಆಗಿತ್ತು. ವೈಫೈ ಹಾಕಿದವರು ಎರಡು ಹೆಸರು ಇಟ್ಟಿದ್ದರು, ಮನೆಯವರಿಗೊಂದು, ಅತಿಥಿಗಳಿಗೊಂದು. ಮನೆಯದು 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ನಡೆಯುತ್ತಿತ್ತು. ನಮ್ಮ ಪ್ರಿಂಟರಿಗೆ ತಿಳಿಯುವುದು 2.4 ಮಾತ್ರ. ಅದಕ್ಕೆ ಕಂಡದ್ದು ಅತಿಥಿಗಳ ಹೆಸರೊಂದೇ. ನಾನೂ ವಿಚಾರಿಸದೆ ಅಲ್ಲಿಗೇ ಸೇರಿಸಿದ್ದೆ. ಬಂದವರು ಮನೆಯ ಸಾಧನಗಳನ್ನು ಮುಟ್ಟಬಾರದೆಂದು ನಡುವೆ ಗೋಡೆ ಇಟ್ಟಿರುತ್ತಾರೆ. ರೌಟರಿನಲ್ಲಿ ಮನೆಯ ಹೆಸರಿಗೂ 2.4 ತೆರೆದು, ಪ್ರಿಂಟರನ್ನು ಅಲ್ಲಿಗೆ ಸೇರಿಸಿದೆ. ಮೊಬೈಲು ಕೂಗಿತು, ಪ್ರಿಂಟರು ಓಗೊಟ್ಟಿತು. ಮೊದಲು ಹೊರಬಂದ ಹಾಳೆ ನಮ್ಮ ಹೊಲದ ಉತಾರ.

ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯ ಗೆಳೆಯರಿಗೆ ಇಂಥ ತೊಡಕು ಬಂದರೆ, ಮೊದಲು ಎರಡೂ ಸಾಧನಗಳು ಒಂದೇ ಹೆಸರಿನಲ್ಲಿವೆಯೇ ನೋಡಿರಿ. ಬಳಿಕ ವಿಳಾಸಗಳನ್ನು ಹೋಲಿಸಿರಿ. ನೇರ ವಿಳಾಸಕ್ಕೆ ಬಾಗಿಲು ತೆರೆದರೆ, ತಡೆಯಿರುವುದು ಡಂಗುರಕ್ಕೆ ಮಾತ್ರ. ತೆರೆಯದಿದ್ದರೆ ನಡುವೆ ಗೋಡೆಯೇ ಇದ್ದೀತು.

ಅಂದು ಊರವರು "ಬಿ.ಎ. ಹುಡುಗ ಸರಿ ಮಾಡಿದ ನೋಡ್ರಿ" ಎಂದರು. ಅಕ್ಕ ನಕ್ಕು ಒಳಗೆ ಹೋದಳು. ನಾನು ಸುಮ್ಮನಿದ್ದೆ. ಎರಡು ದಿನ ಅವಳು ಅದೇ ಪಡಸಾಲೆಯಲ್ಲಿದ್ದರೂ ಒಮ್ಮೆಯೂ ನಾನು ಅವಳನ್ನು ಕೇಳಿರಲಿಲ್ಲ. ಆ ದಿನದ ನನ್ನ ಮೌನವನ್ನು ತಿದ್ದಲೆಂದೇ ಇಷ್ಟನ್ನು ಬರೆದೆನು.