ಮೂರನೆಯದನ್ನೂ ಹಾಕಿಸಿಕೊಳ್ಳಿ, ದೊಡ್ಡಪ್ಪ

ಬೆಂಗಳೂರು
ಜನವರಿ 2022

ಪೂಜ್ಯ ದೊಡ್ಡಪ್ಪನವರಿಗೆ,

ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ಬಂದು ಕರೆದರೂ ‘ಎರಡು ಹಾಕಿಸಿದ್ದೇ ಸಾಕು ಹೋಗಮ್ಮ’ ಅಂದಿರಂತೆ. ದೊಡ್ಡಮ್ಮ ಫೋನಿನಲ್ಲಿ ಹೇಳಿದರು. ಎರಡೂ ಡೋಸ್ ಆಗಿದ್ದ ಅಣ್ಣನಿಗೇ ಕೊರೊನಾ ಬಂತಲ್ಲ, ಮತ್ತೆ ಇದು ಯಾವ ಸೀಮೆ ಲಸಿಕೆ ಅನ್ನುವುದು ನಿಮ್ಮ ವಾದ. ಲಸಿಕೆ ಹಾಕಿಸಿಕೊಂಡವರಿಗೆ ಓಮಿಕ್ರಾನ್ ತಗಲುವುದೇ ಇಲ್ಲವೆಂದು ನಾನೂ ಹೇಳಲಾರೆ. ಆದರೆ ಅಣ್ಣ ಗಂಜಿ ಕುಡಿದುಕೊಂಡು ಮನೆಯಲ್ಲೇ ಎದ್ದು ಕೂತ. ಹೋದ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ ಜನ ಆಕ್ಸಿಜನ್ ಬೆಡ್ಡಿಗಾಗಿ ಹೇಗೆ ಅಲೆದರೆಂದು ನಿಮಗೆ ಗೊತ್ತು. ಜೀವಕ್ಕೆ ಕುತ್ತು ತರುವ ಹಂತಕ್ಕೆ ಕಾಯಿಲೆ ಹೋಗದಂತೆ ತಡೆಯುವುದೇ ಲಸಿಕೆಯ ಮುಖ್ಯ ಕೆಲಸ. ಈ ಸಲದ್ದು ಮೆದು ಅಂತಾರೆ, ಸರಿ. ಅಣ್ಣನಿಗೆ ಮೂವತ್ತೆಂಟು. ನಿಮಗೆ ಎಪ್ಪತ್ತು ದಾಟಿದೆ, ಜೊತೆಗೆ ಸಕ್ಕರೆ.

ಯುಗಾದಿಗೆ ಮುಂಚೆಯೇ ನಿಮಗೆ ಎರಡನೆಯದು ಆಯಿತು. ರಕ್ತದಲ್ಲಿರುವ ಪ್ರತಿಕಾಯಗಳು ತಿಂಗಳು ಕಳೆದಂತೆ ಇಳಿಯುತ್ತವೆ. ರೋಗವನ್ನು ಗುರುತಿಟ್ಟುಕೊಂಡ ಕೋಶಗಳು ಉಳಿದಿರುತ್ತವೆ ನಿಜ, ಆದರೆ ವಯಸ್ಸಾದ ಮೈ ಎಚ್ಚೆತ್ತುಕೊಳ್ಳುವುದು ನಿಧಾನ. ನೀವು ಹತ್ತೊಂಬತ್ತರ ಮಗ್ಗಿ ಒಂದು ಸಲ ಕಲಿಸಿ ಬಿಟ್ಟಿರಾ? ಶನಿವಾರ ಶನಿವಾರ ನಿಲ್ಲಿಸಿ ಒಪ್ಪಿಸಿಕೊಳ್ಳುತ್ತಿದ್ದಿರಿ, ತಪ್ಪಿದರೆ ಕಿವಿ ಹಿಂಡುತ್ತಿದ್ದಿರಿ. (ನನ್ನ ಕಿವಿ ಮರೆತಿಲ್ಲ.) ಮೊಮ್ಮಗುವಿಗೆ ಒಂದೂವರೆ ವರ್ಷಕ್ಕೆ ಡಿಪಿಟಿ ಬೂಸ್ಟರ್ ಹಾಕಿಸಲು ಸೊಸೆಯನ್ನು ಅವಸರಪಡಿಸಿದವರು ನೀವೇ. ಅಲ್ಲಿ ಇಲ್ಲದ ಅನುಮಾನ ಇಲ್ಲೇಕೆ?

ನಿಮ್ಮಂಥ ಚರಿತ್ರೆಯ ಮೇಷ್ಟ್ರಿಗೆ ಇನ್ನೊಂದು ಮಾತು. ಮುಂಬಯಿಯಲ್ಲಿ ಪ್ಲೇಗ್ ಹಬ್ಬಿದ್ದಾಗ ವಿಜ್ಞಾನಿ ಹಾಫ್‌ಕಿನ್ ತಾನು ತಯಾರಿಸಿದ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡದ್ದು 1897ರ ಜನವರಿ 10ರಂದು. ನಮ್ಮಲ್ಲಿ ಈ ಮೂರನೆಯದು, ಅಂದರೆ ಮುನ್ನೆಚ್ಚರಿಕೆ ಡೋಸ್, ಶುರುವಾದದ್ದೂ ಈ ಜನವರಿ 10ಕ್ಕೇ. ಆತನಿಗೂ ಜ್ವರ ಬಂದಿತ್ತು. ನಿಮಗೂ ಒಂದು ರಾತ್ರಿ ಬಂದೀತು. ಪ್ಯಾರಾಸಿಟಮಾಲ್ ತೆಗೆದುಕೊಂಡು ಮಲಗಿ.

ಎರಡನೇ ಡೋಸ್ ಹಾಕಿಸಿ ಮೂವತ್ತೊಂಬತ್ತು ವಾರ ಆಗಿರಬೇಕು ಅನ್ನುತ್ತಾರೆ, ನಿಮಗೆ ಆಗಿದೆ. ಹಿಂದೆ ಹಾಕಿಸಿದ ಕೋವಿಶೀಲ್ಡನ್ನೇ ಕೊಡುತ್ತಾರೆ. ಡಾಕ್ಟರ ಚೀಟಿ ಬೇಕಿಲ್ಲ. ಆಧಾರ್ ಕಾರ್ಡೂ ಆಗ ನಂಬರು ಕೊಟ್ಟಿದ್ದ ಮೊಬೈಲೂ ಇರಲಿ. ಸಂತೆಗೆ ಹೇಗೂ ಹೋಗುತ್ತೀರಲ್ಲ, ಹಾಗೇ ಆಸ್ಪತ್ರೆಗೂ ಹೋಗಿಬನ್ನಿ. ಬಿಪಿ ಇರುವ ದೊಡ್ಡಮ್ಮನನ್ನೂ ಕರೆದುಕೊಂಡು ಹೋಗಿ. ನೀವು ಹಾಕಿಸಿಕೊಳ್ಳದೆ ಅವರು ಹಾಕಿಸಿಕೊಳ್ಳುವವರಲ್ಲ.

ಇಂತಿ ನಿಮ್ಮ ಮಗಳು,
ಪುಟ್ಟಿ